ನೀ ಯಾರಾಗ್ತಿ?

ನಮ್ಮ ಓಣಿಗೆ ಮೊದಲು ಟಿವಿ ಬಂದದ್ದು ನಮ್ಮ ಮನೆಗೆ, ೧೯೮೬ರ ದೀಪಾವಳಿಯ ಹೊತ್ತಿಗೆ. ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕನಗರದಲ್ಲಿ ನಮ್ಮವರದು ಕುಂಕುಮ, ಊದಿನಕಡ್ಡಿ, ಕರ್ಪೂರ ಮಾರುವ ಅಂಗಡಿ. ಗಂಡನ ಹೆಸರು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲವೆಂದು ಬರೆಯುತ್ತೇನೆ: ದಿಗಂಬರ. ನಾನು ಲಲಿತಾಬಾಯಿ.

ಅದು ಮರದ ಬಾಗಿಲಿನ ಕಪ್ಪು-ಬಿಳುಪು ಟಿವಿ. ಬಾಗಿಲು ಸರಿಸಿದರೆ ಗಾಜು, ಗಾಜಿನೊಳಗೆ ಹೆಚ್ಚಿನ ಹೊತ್ತು ಬರೀ ಚುಕ್ಕಿ. ಮಾಳಿಗೆಯ ಮೇಲೆ ಉದ್ದನೆಯ ಪೈಪಿಗೆ ಆಂಟೆನಾ ಕಟ್ಟಿ ಗುಲ್ಬರ್ಗಾದ ಕಡೆಗೆ ಮುಖ ಮಾಡಿದ್ದರು. ಗಾಳಿ ಬೀಸಿದರೆ ಅದು ಬೇರೆ ಕಡೆ ಮುಖ ತಿರುಗಿಸುತ್ತಿತ್ತು. ಆಗ ನಮ್ಮವರು ಮಾಳಿಗೆ ಹತ್ತುವುದು, ಕೆಳಗಿನಿಂದ ನಾವು "ಬಂತ್ರಿ, ಹೋತ್ರಿ, ಮತ್ತ ಜರಾ ತಿರಗಸ್ರಿ" ಎಂದು ಕೂಗುವುದು. ಇಷ್ಟೆಲ್ಲ ಆಗಿ ಚಿತ್ರ ನಿಂತಿತು ಅನ್ನುವಾಗ ಕರೆಂಟು ಹೋಗುತ್ತಿತ್ತು.

ರವಿವಾರ ನಮ್ಮ ಪಡಸಾಲೆ ತುಂಬುತ್ತಿತ್ತು. ತಪ್ಪದೆ ಬರುತ್ತಿದ್ದವರಲ್ಲಿ ಮೊದಲನೆಯವರು ಪಕ್ಕದ ಮನೆಯ ಬಕ್ಕಪ್ಪ. ಬಟ್ಟೆ ಹೊಲಿಯುವವರು, ಕೊರಳಲ್ಲಿ ಟೇಪು ಹಾಕಿಕೊಂಡೇ ಟಿವಿ ನೋಡುತ್ತಿದ್ದರು. ಇನ್ನಿಬ್ಬರು ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದ ಏಕನಾಥ ಮತ್ತು ಅವನ ಹೆಂಡತಿ ದ್ರೌಪತಿ. ಎಲ್ಲರಿಗಿಂತ ಮುಂದೆ, ಗೋಡೆಗೆ ಲೋಡುದಿಂಬು ಒರಗಿಸಿಕೊಂಡು ನೋಯುವ ಮೊಣಕಾಲು ನೀಡಿ ಕೂಡುತ್ತಿದ್ದವರು ನನ್ನ ಅತ್ತೆ ಪಾರ್ವತಿಬಾಯಿ. ಅವರಿಗೆ ಟಿವಿಯ ಮೇಲೆ ಒಂದೇ ಸಿಟ್ಟು. ಧಾರಾವಾಹಿ ಅರ್ಧ ತಾಸಿಗೆ ಮುಗಿದು ಮುಂದಿನದು ಮುಂದಿನ ವಾರ ಎಂದಾಗ, "ಅರ್ಧಾ ಕಥಿ ಹೇಳಿ ಎದ್ದು ಹೋಗವ್ರು ಎಂಥಾ ಮಂದಿನೋ" ಎಂದು ಗೊಣಗುತ್ತಿದ್ದರು.

ಏಕನಾಥನ ಸಂಗತಿ ಇಲ್ಲಿ ಹೇಳಬೇಕು. ಅವನು ಲಾರಿ ಡ್ರೈವರ್. ಹುಮನಾಬಾದಿನಿಂದ ತೊಗರಿಬೇಳೆ ಹೇರಿಕೊಂಡು ಸೊಲ್ಲಾಪುರಕ್ಕೆ, ಹೈದರಾಬಾದಿಗೆ ಹೋಗಿ ಬರುತ್ತಿದ್ದ. ಊರಿಗೆ ಬಂದ ದಿನ ಓಣಿಯ ತುದಿಯಲ್ಲಿ ಲಾರಿ ನಿಲ್ಲಿಸಿ ಉದ್ದಕ್ಕೆ ಹಾರ್ನ್ ಹೊಡೆಯುತ್ತಿದ್ದ. ದ್ರೌಪತಿ ಒಲೆಯ ಮೇಲಿನ ಚಹಾಕ್ಕೆ ಇನ್ನಷ್ಟು ನೀರು ಹಾಕುತ್ತಿದ್ದಳು. ಟಿವಿ ಬರುವುದಕ್ಕೆ ಮೊದಲು, ಅದೇ ವರ್ಷದ ಬೇಸಿಗೆಯ ಒಂದು ಸಂಜೆ ಹುಡಗಿ ಎಂಬ ಊರಿನ ಹತ್ತಿರ ಅವನ ಲಾರಿಯ ಬ್ರೇಕಿನ ಪೈಪು ಒಡೆಯಿತು. ಎದುರಿಗೆ ಜೋಳದ ಕಣಿಕೆ ಹೇರಿದ ಎತ್ತಿನ ಗಾಡಿ. ಒಂದು ಎತ್ತು ಅಲ್ಲಿಯೇ ಸತ್ತಿತು. ಗಾಡಿ ಹೊಡೆಯುತ್ತಿದ್ದ ಕಾಶಿರಾಮ ಎಂಬ ರೈತನ ಕಾಲು ಮುರಿಯಿತು. ಲಾರಿ ಹೊಲದಲ್ಲಿ ಮಗುಚಿ ಬಿತ್ತು. ಏಕನಾಥನಿಗೆ ಹಣೆಯ ಮೇಲೊಂದು ಗಾಯ, ಅಷ್ಟೇ.

ಪೊಲೀಸರು ಪೈಪು ನೋಡಿ ಡ್ರೈವರನ ತಪ್ಪಿಲ್ಲ ಎಂದು ಬರೆದುಕೊಂಡರು. ಲಾರಿಯ ಧಣಿ ಆಸ್ಪತ್ರೆಯ ಖರ್ಚನ್ನೂ ಎತ್ತಿನ ಬೆಲೆಯನ್ನೂ ನೋಡಿಕೊಂಡರು. ಎಲ್ಲ ಮುಗಿಯಿತು ಎಂದುಕೊಂಡೆವು. ಆದರೆ ಏಕನಾಥನ ಮನಸ್ಸು ಆ ಹೊಲದಿಂದ ಎದ್ದು ಬರಲಿಲ್ಲ. ಬೇರೊಂದು ಲಾರಿಯ ಕೆಲಸಕ್ಕೆ ಕರೆ ಬಂದಾಗ ಹೋದ, ಮೇಲೆ ಹತ್ತಿ ಕುಳಿತ, ಸ್ಟೇರಿಂಗು ಹಿಡಿದ, ಗಾಡಿ ಚಾಲೂ ಮಾಡಲಿಲ್ಲ, ಇಳಿದು ನಡೆದುಕೊಂಡೇ ಮನೆಗೆ ಬಂದ. ಆಮೇಲೆ ಹೋಗಲಿಲ್ಲ. ಬಕ್ಕಪ್ಪ ಕೊಡುತ್ತಿದ್ದ ಕಾಜಾ-ಬಟನ್ ಕೆಲಸದಿಂದ ದ್ರೌಪತಿ ಮನೆ ನಡೆಸುತ್ತಿದ್ದಳು. ಅವನು ಮಾತೇ ಕಡಿಮೆ ಮಾಡಿದ್ದ. ಟಿವಿ ನೋಡಲು ಬಂದರೂ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಕೂಡುತ್ತಿದ್ದ. ಕಾಶಿರಾಮನನ್ನು ಒಮ್ಮೆ ನೋಡಿಕೊಂಡು ಬರೋಣ ಎಂದು ದ್ರೌಪತಿ ಅಂದರೆ, "ಆ ಹೆಸರು ತೆಗೀಬ್ಯಾಡ" ಎಂದು ಎದ್ದು ಹೋಗುತ್ತಿದ್ದ.

ಮುಂದಿನ ವರ್ಷದ ಮಳೆಗಾಲ ಶುರುವಾಗುವ ಮುಂಚಿನ ಒಂದು ರವಿವಾರ. ಪರದೇಶದ ಸುದ್ದಿ, ಸೋಜಿಗಗಳನ್ನು ತುಣುಕು ತುಣುಕಾಗಿ ತೋರಿಸುವ ಕಾರ್ಯಕ್ರಮ ನಡೆದಿತ್ತು. ಒಂದು ಮೇಜು, ಅದರ ಸುತ್ತ ನಾಲ್ಕೈದು ಹುಡುಗ ಹುಡುಗಿಯರು. ಒಬ್ಬ ಮಾತ್ರ ತನ್ನ ಮುಂದೆ ರಟ್ಟು ನಿಲ್ಲಿಸಿಕೊಂಡು ಅದರ ಹಿಂದೆ ಕುಳಿತಿದ್ದ. ಅವನು ಏನೋ ಹೇಳುತ್ತಿದ್ದ, ಉಳಿದವರು ಕಣ್ಣರಳಿಸಿ ಕೇಳುತ್ತಿದ್ದರು. ಒಬ್ಬ ಹುಡುಗಿ ಇಲ್ಲದ ಕತ್ತಿಯನ್ನು ಎತ್ತಿದವಳಂತೆ ಕೈ ಎತ್ತಿ ಗಟ್ಟಿಯಾಗಿ ಏನೋ ಅಂದಳು, ಆಮೇಲೆ ದಾಳ ಉರುಳಿಸಿದಳು. ನಮ್ಮ ಪಗಡೆಯ ದಾಳದಂತೆ ಅಲ್ಲ, ಹರಳಿನ ಹಾಗೆ ಹಲವು ಮುಖದ ದಾಳ. ಎಲ್ಲರೂ ಒಮ್ಮೆಗೇ ತಲೆ ಹಿಡಿದುಕೊಂಡರು. ಹಿಂದಿಯಲ್ಲಿ ಹೇಳುವವನು, ಈ ಆಟದಲ್ಲಿ ಪ್ರತಿಯೊಬ್ಬರೂ ಬೇರೆ ಯಾರೋ ಆಗುತ್ತಾರೆ, ಅವರಾಗಿಯೇ ಮಾತಾಡುತ್ತಾರೆ, ಆಟದ ಹೆಸರು ಅನ್ನುವಷ್ಟರಲ್ಲಿ ಕರೆಂಟು ಹೋಯಿತು.

ಮಕ್ಕಳು ಅಂಗಳಕ್ಕೆ ಓಡಿದರು. ದೊಡ್ಡವರು ಕುಳಿತಲ್ಲಿಯೇ ಕುಳಿತು ವಾದಕ್ಕಿಳಿದರು.

"ಜೂಜು ಅದು. ದಾಳ ಕಂಡಿಲ್ಲೇನು?" ಎಂದರು ನಮ್ಮವರು.

"ರೊಕ್ಕ ಎಲ್ಲಿ ಕಂಡ್ತು?" ಎಂದರು ಬಕ್ಕಪ್ಪ. "ಅದು ನಾಟಕದ ತಾಲೀಮು. ಆ ರಟ್ಟಿನ ಹಿಂದ ಕೂತಾವ ಮೇಷ್ಟ್ರು."

"ನಾಟಕ ಇದ್ರ ಮಾತು ಮೊದಲೇ ಬರದಿರ್ತಾರ. ಆ ಹುಡುಗಿ ಆಗಿಂದಾಗ ವಿಚಾರ ಮಾಡಿ ಹೇಳಾಕತ್ತಿದ್ಳು," ಎಂದಳು ದ್ರೌಪತಿ. ಸೂಕ್ಷ್ಮವಾಗಿ ನೋಡುವವಳು ಅವಳು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಕರೆಂಟ್ ಯಾವಾಗ ಬರ್ತದೋ ಏನೋ. ನಾವ ಆಡೋಣ ಬರ್ರಿ," ಎಂದರು.

"ಹ್ಯಾಂಗ ಆಡೂದು ಗೊತ್ತದೇನ್ ಅತ್ತಿ?" ಎಂದೆ ನಾನು.

"ಗೊತ್ತಿಲ್ಲ. ಆಡಿದ್ರ ಗೊತ್ತಾಗ್ತದ. ಲಲಿತಾ, ಹೋದ ವರ್ಷದ ಕ್ಯಾಲೆಂಡರ್ ರಟ್ಟು ತಗೊಂಡ ಬಾ. ನನ್ನ ಡಬ್ಬಿ ಒಳಗ ಕವಡಿ ಅವ, ಅವೂ ತಾ."

ನಾಲ್ಕು ಕಾಲಿನ ಗಿಡ್ಡ ಮರದ ಚೌರಂಗವನ್ನು ನಡುವೆ ಇಟ್ಟೆವು. ಅತ್ತೆ ರಟ್ಟನ್ನು ಮಡಚಿ ತಮ್ಮ ಮುಂದೆ ನಿಲ್ಲಿಸಿಕೊಂಡರು. ಬಕ್ಕಪ್ಪ ಕತ್ತು ಉದ್ದ ಮಾಡಿ, "ಅದರ ಹಿಂದ ಏನದ ಆಯಿ?" ಎಂದು ಕೇಳಿದರು.

"ಏನೂ ಇಲ್ಲ. ಆದರ ಏನೋ ಅದ ಅಂತ ನೀವು ತಿಳಕೋಬೇಕು."

ನಿಯಮಗಳನ್ನು ಅಲ್ಲಿಯೇ ಮಾಡಿದೆವು. ಅತ್ತೆ ಕಥೆ ಹೇಳುತ್ತಾರೆ. ಕಥೆಯಲ್ಲಿ ಏನಾದರೂ ಅಡ್ಡ ಬಂದಾಗ ನಿಲ್ಲಿಸಿ, ನೀನು ಏನು ಮಾಡುತ್ತಿ ಎಂದು ಕೇಳುತ್ತಾರೆ. ಹೇಳಿದವರು ಆರು ಕವಡೆ ಚೆಲ್ಲಬೇಕು. ಹೆಚ್ಚು ಕವಡೆ ಅಂಗಾತ ಬಿದ್ದರೆ ಅಂದುಕೊಂಡದ್ದು ಆಯಿತು. ಹೆಚ್ಚು ಬೋರಲು ಬಿದ್ದರೆ ಆಗಲಿಲ್ಲ, ಸಮ ಬಿದ್ದರೆ ಮತ್ತೊಮ್ಮೆ. ಎಲ್ಲವೂ ಬೋರಲು ಬಿದ್ದರೆ ಕೇಡು. ಇದಕ್ಕೆಲ್ಲ ಮೊದಲು ಅತ್ತೆ ಒಬ್ಬೊಬ್ಬರ ಕಡೆ ಬೆರಳು ಮಾಡಿ ಕೇಳುತ್ತಿದ್ದರು, "ನೀ ಯಾರಾಗ್ತಿ?" ಆಟಕ್ಕೆ ಅದೇ ಹೆಸರಾಯಿತು.

ಬಕ್ಕಪ್ಪ ರಾಜನಾದರು. ದ್ರೌಪತಿ ನಾಚಿಕೊಂಡು ನಾಚಿಕೊಂಡು ಕಳ್ಳಿಯಾಗುತ್ತೇನೆ ಎಂದಳು. ನಾನು ವೈದ್ಯೆಯಾದೆ. ನಮ್ಮವರು ಆಡುವುದಿಲ್ಲ ಎಂದವರು ಐದು ನಿಮಿಷ ಬಿಟ್ಟು, ಸುಮ್ಮನೆ ಕುಳಿತುಕೊಳ್ಳುವುದಕ್ಕಿಂತ ಒಂದು ಛತ್ರದ ಮಾಲೀಕನಾಗುತ್ತೇನೆ ಎಂದರು. ಕಥೆ ಇಷ್ಟು: ರಾಜನ ಪಟ್ಟದಾನೆ ಒಂದು ಬೆಳಿಗ್ಗೆ ಸರಪಳಿ ಬಿಚ್ಚಿಕೊಂಡು ಹೋಗಿದೆ. ಅದನ್ನು ಹುಡುಕಿ ತರಬೇಕು. ಹಾದಿಯಲ್ಲಿ ಕಾಡು, ಹಳ್ಳ, ಸುಂಕದ ಕಟ್ಟೆ, ಮಾತಾಡದ ಜನರ ಊರು, ಎಲ್ಲ ಬಂದವು. ಅತ್ತೆಯ ತಲೆಯಲ್ಲಿ ಇಷ್ಟೆಲ್ಲ ಎಲ್ಲಿತ್ತೋ.

ಕರೆಂಟು ಬಂತು. ಟಿವಿ ತಾನಾಗಿಯೇ ಕೂಗತೊಡಗಿತು. ನಮ್ಮವರು ಎದ್ದು ಅದನ್ನು ಬಂದ್ ಮಾಡಿ ಬಂದು ಕುಳಿತರು. ಆ ಟಿವಿಗಾಗಿ ಅವರು ಎಷ್ಟು ದಿನ ಓಡಾಡಿದ್ದರೆಂದು ಬಲ್ಲವಳಾಗಿ ನನಗೆ ಅದೇ ದೊಡ್ಡ ಆಶ್ಚರ್ಯ.

ಅಲ್ಲಿಂದ ಪ್ರತಿ ರವಿವಾರ ಮಧ್ಯಾಹ್ನ ಆಟ. ಬೆಳಿಗ್ಗೆ ಟಿವಿ ನೋಡಿ, ಊಟ ಮಾಡಿ, ಚೌರಂಗದ ಸುತ್ತ ಕೂಡುವುದು. ನನಗೆ ಆ ಆಟ ಏನು ಕೊಟ್ಟಿತು ಎಂಬುದನ್ನೂ ಹೇಳಿಬಿಡುತ್ತೇನೆ. ಮದುವೆಯಾಗಿ ಬಂದಂದಿನಿಂದ ನಾನು ಅತ್ತೆಯ ಎದುರು "ಹೌದ್ರಿ" "ಇಲ್ರಿ" ಬಿಟ್ಟು ಹೆಚ್ಚು ಮಾತಾಡಿದವಳಲ್ಲ. ಆಟದಲ್ಲಿ ಅತ್ತೆ ಕಾಡಿನ ಮುದುಕಿಯಾಗಿ ದಾರಿ ಕೊಡುವುದಿಲ್ಲ ಎಂದು ಹಟ ಹಿಡಿದಾಗ, ವೈದ್ಯೆಯಾದ ನಾನು, "ನಿನ್ನ ಮೊಣಕಾಲು ನೋವಿಗೆ ಔಷಧ ಬೇಕಿದ್ರ ದಾರಿ ಬಿಡು. ಹೇಳಿದ ಎಣ್ಣಿ ಹಚ್ಚಿಕೊಳ್ಳದ ರಾತ್ರಿ ಎಲ್ಲಾ ನರಳೂದು, ಮುಂಜಾನೆ ಮಂದಿ ಮ್ಯಾಲ ಸಿಟ್ಟಾಗೂದು, ಇದು ಸರಿ ಅಲ್ಲ," ಎಂದೆ. ಅಂದ ಮೇಲೆ, ಯಾರ ಎದುರು ಅಂದೆ ಎಂಬುದು ನೆನಪಾಯಿತು. ಅತ್ತೆ ರಟ್ಟಿನ ಹಿಂದಿನಿಂದ ನನ್ನನ್ನು ಒಂದಷ್ಟು ಹೊತ್ತು ನೋಡಿ, ಜೋರಾಗಿ ನಕ್ಕು, "ವೈದ್ಯಾ ಕವಡಿ ಚೆಲ್ಲೂದು ಬ್ಯಾಡ. ಹೋಗ್ರಿ, ದಾರಿ ಬಿಟ್ಟೀನಿ," ಎಂದರು. ಅಂದು ರಾತ್ರಿ ಎಣ್ಣೆಯ ಬಾಟಲಿ ತಾವೇ ಕೇಳಿ ತೆಗೆದುಕೊಂಡರು. ನಮ್ಮಿಬ್ಬರ ನಡುವೆ ಮಾತು ಶುರುವಾದದ್ದು ಹಾಗೆ.

ಏಕನಾಥ ಮಾತ್ರ ಬಾಗಿಲ ಬಳಿಯೇ ಇದ್ದ. ಅವನನ್ನು ಯಾರೂ ಕರೆಯಲಿಲ್ಲ. ಅತ್ತೆಯೇ ಕರೆಯಬೇಡಿರೆಂದು ಹೇಳಿದ್ದರು. ಆದರೆ ಅವನು ಎದ್ದು ಹೋಗುತ್ತಿರಲಿಲ್ಲ. ದ್ರೌಪತಿ ಸುಂಕದವನ ಕೀಲಿಕೈ ಕದ್ದಾಗ ಅವನ ತುಟಿಯ ಮೇಲೆ ನಗು ಬಂದದ್ದನ್ನು ನಾನು ಕಂಡಿದ್ದೆ.

ಶ್ರಾವಣದ ಒಂದು ರವಿವಾರ ನಮ್ಮ ತಂಡ ದೊಡ್ಡ ಹಳ್ಳದ ದಂಡೆಗೆ ಬಂದು ನಿಂತಿತು. ಅತ್ತೆ ಅಂದರು: "ನಡಕೊಂಡು ದಾಟಾಕ ಆಗಲ್ಲ. ದಂಡಿ ಮ್ಯಾಲ ಒಂದು ಎತ್ತಿನ ಗಾಡಿ ಅದ. ಎತ್ತು ಕಟ್ಟೇ ಅವ. ಹೊಡಿಯಾವ ಇಲ್ಲ."

ದ್ರೌಪತಿಯ ಮುಖದ ಬಣ್ಣವೇ ಹೋಯಿತು. ಅತ್ತೆ ಏಕನಾಥನ ಕಡೆ ನೋಡಲಿಲ್ಲ. ಕವಡೆಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸುತ್ತ ಕುಳಿತರು. ಬೇಕೆಂದೇ ಮಾಡಿದರೋ, ಕಥೆ ಹಾಗೆ ಬಂತೋ ಎಂದು ಎಷ್ಟೋ ಸಲ ಕೇಳಿದ್ದೇನೆ. "ಹಳ್ಳ ಬಂತು, ಗಾಡಿ ಬೇಕಾತು," ಎಂಬ ಉತ್ತರ ಬಿಟ್ಟು ಬೇರೆ ಸಿಕ್ಕಿಲ್ಲ.

ಏಕನಾಥ ಎದ್ದ. ಹೊರಗೆ ಹೋಗುತ್ತಾನೆ ಎಂದುಕೊಂಡೆವು. ಅವನು ಬಂದು ಚೌರಂಗದ ಬಳಿ ಕುಳಿತ.

"ನೀ ಯಾರಾಗ್ತಿ?" ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆಯೇ.

"ಗಾಡಿ ಹೊಡಿಯಾವ ಆಗ್ತೀನ್ರಿ ಆಯಿ."

"ಎತ್ತಿನ ಹೆಸರೇನು?"

ಅವನು ವಿಚಾರ ಮಾಡಿದ. "ಒಂದು ಸರ್ಜಾ. ಇನ್ನೊಂದು… ಇನ್ನೊಂದಕ್ಕ ಹೆಸರಿಲ್ರಿ. ಹೊಸಾದು."

"ಆಗಲಿ. ಕವಡಿ ಚೆಲ್ಲು."

ಹಳ್ಳ ದಾಟಿದೆವು. ಆಮೇಲಿನ ವಾರಗಳಲ್ಲಿ ಏಕನಾಥನ ಗಾಡಿ ಇಲ್ಲದೆ ನಮ್ಮ ತಂಡ ಎಲ್ಲಿಗೂ ಹೋಗಲಿಲ್ಲ. ಏರು ಬಂದರೆ ಎಲ್ಲರನ್ನೂ ಇಳಿಸುತ್ತಿದ್ದ. ರಾಜನನ್ನೂ ಬಿಡುತ್ತಿರಲಿಲ್ಲ. "ಎತ್ತು ದಣದಾವ. ಇಳೀರಿ ರಾಜಾಸಾಬ್," ಎಂದಾಗ ಬಕ್ಕಪ್ಪ, ತಾನು ರಾಜನಾದರೂ ಇಳಿಯಬೇಕೇ ಎಂದು ವಾದ ಮಾಡಿ ಕೊನೆಗೆ ಇಳಿಯುತ್ತಿದ್ದರು. ದಾರಿಯಲ್ಲಿ ಮೊದಲು ಎತ್ತಿಗೆ ನೀರು, ಆಮೇಲೆ ಮನುಷ್ಯರಿಗೆ. ದ್ರೌಪತಿ ಒಮ್ಮೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ನನಗೆ ಹೇಳಿದಳು: "ಅಕ್ಕ, ನಿನ್ನೆ ಮನಿಯಾಗ ಇವರು ತಾವಾಗೇ ಮಾತಾಡಿದಾರ. ಆ ಹೆಸರಿಲ್ಲದ ಎತ್ತಿಗೆ ಏನು ಹೆಸರಿಡೋಣ ಅಂತ ಕೇಳಿದ್ರು."

ದಸರೆಗೆ ಸ್ವಲ್ಪ ಮುಂಚೆ, ಯಾರೂ ಬಯಸದ ಒಂದು ಸಂಗತಿ ನಡೆಯಿತು. ಬಕ್ಕಪ್ಪನಿಗೆ ಗಾಡಿಯಲ್ಲಿ ಕುಳಿತು ಸಾಕಾಗಿ, ಛತ್ರದಲ್ಲಿ ಒಂದು ರಥ ಸಿಕ್ಕಿದ್ದೇ ಅದನ್ನು ಹತ್ತಿದರು. ಆನೆಯ ಹೆಜ್ಜೆ ನೋಡಿಕೊಂಡು ಬರುತ್ತೇನೆಂದು ಮುಂದೆ ಹೋದರು. ಹೋದವರು ಅದೇ ಹಾದಿಯಲ್ಲಿ ತಿರುಗಿ ಬರುವಾಗ ಕುದುರೆಗಳನ್ನು ಜೋರಾಗಿ ಬಿಡುತ್ತೇನೆ ಎಂದರು. ತಮಾಷೆಗೆ ಅಂದದ್ದು. ಕವಡೆ ಚೆಲ್ಲಿದರು. ಆರೂ ಬೋರಲು ಬಿದ್ದವು.

ಎದುರಿಗೆ ಏಕನಾಥನ ಗಾಡಿ ಇತ್ತು.

ಬಕ್ಕಪ್ಪ ತಡಬಡಿಸಿ, "ಅಲ್ಲ, ಮತ್ತೊಮ್ಮೆ ಚೆಲ್ತೀನಿ, ಕೈ ಜಾರಿತು," ಎಂದು ಕವಡೆ ಎತ್ತಿಕೊಳ್ಳಲು ಹೋದರು. ಅತ್ತೆಯೂ, "ಹೌದು, ಇದು ಲೆಕ್ಕಕ್ಕಿಲ್ಲ," ಎಂದರು. ಅವರ ದನಿ ಹಾಗೆ ಅಳುಕಿದ್ದನ್ನು ನಾನು ಅಂದೇ ಕೇಳಿದ್ದು.

"ಬಿದ್ದದ್ದು ಬಿದ್ದದ," ಎಂದ ಏಕನಾಥ. "ಹೇಳ್ರಿ ಆಯಿ. ಮುಂದ ಏನಾತು?"

ಅತ್ತೆ ರಟ್ಟನ್ನು ಪಕ್ಕಕ್ಕೆ ಸರಿಸಿದರು. "ರಥ ಬಂದು ಬಡೀತು. ಗಾಡಿ ಬಿತ್ತು. ನೀ ದಾರಿ ಬಾಜೂಕ ಬಿದ್ದೀದಿ. ಕಾಲು ಏಳವಲ್ದು." ಮೆಲ್ಲಗೆ ಕೇಳಿದರು, "ನೀ ಏನು ಮಾಡ್ತಿ ಗಾಡಿಯವನೇ?"

ಅವನ ಕಣ್ಣು ಚೌರಂಗದ ಮೇಲಿತ್ತು. ಆಮೇಲೆ, "ಎತ್ತು ಎಲ್ಲಿ ಅವ ಅಂತ ನೋಡ್ತೀನಿ," ಎಂದ. "ಒಂದು ಏಳಾಕತ್ತದ. ಒಂದು ಏಳವಲ್ದು." ಬೋರಲು ಬಿದ್ದ ಕವಡೆಯೊಂದನ್ನು ಬೆರಳಿನಿಂದ ಸರಿಸಿದ. "ಆಮ್ಯಾಲ… ರಥ ಹೊಡಿಯಾಂವ ಬದುಕ್ಯಾನೇನು ಅಂತ ನೋಡ್ತೀನಿ."

ಅಂದವನೇ ತಲೆ ಎತ್ತಿದ. ತಾನೇ ಅಂದ ಮಾತನ್ನು ಬೇರೆ ಯಾರೋ ಅಂದದ್ದನ್ನು ಕೇಳಿದವನ ಹಾಗಿತ್ತು ಅವನ ಮುಖ.

"ಅಂವನೂ ನೋಡಿರಬಹುದೇನ್ರಿ ಆಯಿ?" ಎಂದ.

"ಯಾರು?"

"ಕಾಶಿರಾಮ."

ಆ ಹೆಸರನ್ನು ಅವನ ಬಾಯಿಂದ ನಾವು ಅದೇ ಮೊದಲು ಕೇಳಿದ್ದು. ಅತ್ತೆ, "ನನಗ ಹ್ಯಾಂಗ ಗೊತ್ತಾಗಬೇಕಪಾ? ಅದನ್ನ ಅಂವಗೇ ಕೇಳಬೇಕು," ಎಂದರು. ಅಂದಿನ ಆಟ ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ದ್ರೌಪತಿ ನಮ್ಮ ಅಡುಗೆಮನೆಗೆ ಬಂದಳು. ತನ್ನ ಗಂಡ ಹುಡಗಿಗೆ ಹೊರಟಿದ್ದಾರೆ, ನೀವೂ ಬನ್ನಿರಿ ಎಂದಳು. "ಹೆಂಗಸ್ರು ಇದ್ರ ಆ ಮನಿಯಾಗ ಮಾತು ಸುರು ಆಗಾಕ ಹಗೂರ ಆಗ್ತದ ಅಕ್ಕ." ಅತ್ತೆ ಶೇಂಗಾದ ಹೋಳಿಗೆ ಮಾಡಿಸಿ ಡಬ್ಬಿಗೆ ತುಂಬಿಸಿ ಕೊಟ್ಟರು.

ಬಸ್ಸಿನಲ್ಲಿ ಹೋದೆವು. ಆ ಜಾಗ ಬಂದಾಗ ಏಕನಾಥ ಕಣ್ಣು ಮುಚ್ಚಿಕೊಂಡಿದ್ದ. ದ್ರೌಪತಿ ಅವನ ಅಂಗಿಯ ತೋಳು ಹಿಡಿದುಕೊಂಡಿದ್ದಳು.

ಕಾಶಿರಾಮನ ಮನೆ ಊರ ಅಂಚಿಗೆ, ಬೇವಿನ ಗಿಡದ ಪಕ್ಕ. ಅವನು ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಪಕ್ಕದಲ್ಲಿ ಕೋಲು. ಐವತ್ತರ ಆಸುಪಾಸಿನ, ಕಪ್ಪು ಮೈಯ, ಗಟ್ಟಿ ಮನುಷ್ಯ. ಏಕನಾಥ ದೂರದಲ್ಲಿಯೇ ನಿಂತು ಕೈ ಮುಗಿದ. "ನಾನ್ರಿ… ಲಾರಿ…" ಎಂದ.

ಒಳಗಿನಿಂದ ಅವನ ಹೆಂಡತಿ ಶೇವಂತಾಬಾಯಿ ಬಂದಳು. ಯಾರೆಂದು ತಿಳಿದದ್ದೇ ಅವಳ ಮುಖ ಬಿಗಿಯಿತು. "ಇಷ್ಟು ದಿನ ಆದ ಮ್ಯಾಲ ದಾರಿ ಸಿಕ್ತೇನು?" ಎಂದಳು. ನ್ಯಾಯವಾದ ಮಾತು. ಏಕನಾಥ ತಲೆ ತಗ್ಗಿಸಿದ. ದ್ರೌಪತಿ ಹೋಳಿಗೆಯ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದಳು. ಶೇವಂತಾಬಾಯಿ ಅದನ್ನು ತೆಗೆದುಕೊಳ್ಳಲಿಲ್ಲ.

ಕಾಶಿರಾಮ ಹಗ್ಗ ಕೆಳಗಿಟ್ಟು, "ಬಿಸಲಾಗ ಯಾಕ ನಿಂತೀರಿ? ಬರ್ರಿ, ಕೂಡ್ರಿ," ಎಂದ. ಕುಳಿತೆವು. ಅವನೇ ಮಾತು ತೆಗೆದ. "ನಾ ಸುಳ್ಳು ಯಾಕ ಹೇಳಲಿ, ಮೊದಲು ನಿನ್ನ ಭಾಳ ಬೈದೀನಿ. ಹಾಸಿಗಿ ಮ್ಯಾಲ ಮಲಕೊಂಡು ಬೈಯೂದೇ ಕೆಲಸ. ಆಮ್ಯಾಲ ಬೈಯೂದೂ ಬ್ಯಾಸರಾತು. ಆ ಎತ್ತಿನಂಥಾ ಎತ್ತು ಮತ್ತ ಸಿಕ್ಕಿಲ್ಲ. ಈಗಿಂದು ಆಲಸಿ."

"ಮಾಫ್ ಮಾಡ್ರಿ," ಎಂದ ಏಕನಾಥ. "ಕಣ್ಣು ಮುಚ್ಚಿದ್ರ ಅದೇ ಕಾಣ್ತದ. ಆ ಎತ್ತು, ಅದರ ಕಣ್ಣು."

"ಎತ್ತು ಕಾಣ್ತದ. ಮತ್ತೇನು ಕಾಣ್ತದ?"

"ಏನಿಲ್ರಿ. ಅಷ್ಟೇ."

ಕಾಶಿರಾಮ ಅವನನ್ನು ನೋಡಿದ. "ನೀ ಲಾರಿ ಹೊಲದ ಕಡಿ ಹೊರಳಿಸಿದ್ದು ನೆನಪಿಲ್ಲೇನು?"

ಏಕನಾಥನಿಗೆ ನೆನಪಿರಲಿಲ್ಲ. ನಮಗೂ ಯಾರಿಗೂ ಗೊತ್ತಿರಲಿಲ್ಲ. ಲಾರಿ ತಾನಾಗಿಯೇ ಹೊಲಕ್ಕೆ ಹೋಯಿತು ಎಂದು ತಿಳಿದಿದ್ದೆವು.

"ನಾ ನೋಡೀನಿ," ಎಂದ ಕಾಶಿರಾಮ. "ನೆಟ್ಟಗ ನನ್ನ ಮ್ಯಾಲ ಬರಾಕತ್ತಿತ್ತು. ಇನ್ನು ಮುಗೀತು ಅನಕೊಂಡೆ. ಗಾಜಿನೊಳಗ ನಿನ್ನ ಮುಖ ಕಾಣಸ್ತಿತ್ತು, ಹಲ್ಲು ಕಚ್ಚಿ ಸ್ಟೇರಿಂಗ್ ಜಗ್ಗಾಕತ್ತಿದ್ದಿ. ಬಲಗಡಿ ಎತ್ತಿಗಿ ಬಡೀತು, ನಾ ಉಳಿದೆ. ಆ ಕಡಿ ಆಳದ ತಗ್ಗು ಅದ. ಅಲ್ಲಿ ಬಿದ್ರ ತಾ ಸಾಯ್ತೀನಿ ಅಂತ ಡ್ರೈವರ್‌ಗ ಗೊತ್ತಿರ್ತದ. ಗೊತ್ತಿದ್ದೂ ಹೊರಳಿಸಿದಿ. ಇದನ್ನ ಹೇಳಬೇಕಂತ ನಾನೂ ಮಾಡಿದ್ದೆ. ಈ ಕಾಲು ತಗೊಂಡು ಎಲ್ಲಿ ಹುಡಕಲಿ ನಿನ್ನ?"

ಏಕನಾಥ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಹೆಗಲು ಕುಲುಕುತ್ತಿದ್ದವು. ಯಾರೂ ಅವನನ್ನು ತಡೆಯಲಿಲ್ಲ. ದ್ರೌಪತಿಯೂ ಅಳುತ್ತಿದ್ದಳು. ಆಗ ಶೇವಂತಾಬಾಯಿ ಅವಳ ಕಡೆ ನೋಡಿ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ದಪ್ಪಗಾಗಿದ್ದ ಚರ್ಮವನ್ನು ನೋಡಿ, "ಇಂವ ಮನಿಯಾಗೇ ಕೂತಾನೇನು ಇಷ್ಟು ದಿನ? ನೀ ಹೊಲದು ಹಾಕಾಕತ್ತೀದಿ?" ಎಂದು ಕೇಳಿದಳು. ದ್ರೌಪತಿ ಹೌದೆಂದು ತಲೆಯಾಡಿಸಿದಳು. ಶೇವಂತಾಬಾಯಿ ಡಬ್ಬಿ ಇಸಿದುಕೊಂಡು ಒಳಗೆ ಹೋದಳು. ಚಹಾ ತಂದಳು. ಹೋಳಿಗೆಯನ್ನು ಎಲ್ಲರಿಗೂ ಹಂಚಿದಳು.

ಚಹಾ ಕುಡಿಯುತ್ತ ಕಾಶಿರಾಮ, "ಇವತ್ತೇ ಯಾಕ ಬರಬೇಕನಸ್ತು?" ಎಂದು ಕೇಳಿದ. ಏಕನಾಥ ಆಟದ ಸಂಗತಿ ಹೇಳಿದ. ಟಿವಿ, ಕವಡೆ, ಆನೆ, ಗಾಡಿ, ಎಲ್ಲ. ತಾನು ಗಾಡಿಯವನಾದದ್ದನ್ನು ಹೇಳುವಾಗ ನಾಚಿಕೊಂಡ.

"ನನ್ನ ಪಾತ್ರ ನೀ ಹಾಕಿದ್ದಿ? ಬರೋಬರ್ ಹೊಡೀತಿದ್ದಿಲ್ಲೋ ಗಾಡಿ?"

"ಏರಿನ್ಯಾಗ ಎಲ್ಲಾರ್ನೂ ಇಳಸ್ತಿದ್ದೆ."

"ಅದು ಸರಿ," ಎಂದ ಕಾಶಿರಾಮ ಗಂಭೀರವಾಗಿ. "ಆ ಆಟ ನಾನೂ ನೋಡಬೇಕು."

ಮುಂದಿನ ರವಿವಾರ ಕಾಶಿರಾಮ ಬಂದೇ ಬಂದ. ನಮ್ಮೂರಿನ ಸಂತ ಮಾಣಿಕಪ್ರಭುಗಳ ದರ್ಶನ ಮಾಡಿಕೊಂಡು, ಕೋಲೂರಿಕೊಂಡು, ಹೆಂಡತಿಯ ಜೊತೆ ನಮ್ಮ ಮನೆ ಹುಡುಕಿಕೊಂಡು. ಅತ್ತೆ ಅವನಿಗೆ ತಮ್ಮ ಲೋಡನ್ನೇ ಕೊಟ್ಟರು. ಮುರಿದ ಕಾಲನ್ನು ನೀಡಿಕೊಂಡು ಅವನು, ನೋಯುವ ಮೊಣಕಾಲನ್ನು ನೀಡಿಕೊಂಡು ಅತ್ತೆ, ಎದುರಾಬದುರು ಕುಳಿತರು.

"ನೀ ಯಾರಾಗ್ತಿ?" ಎಂದರು ಅತ್ತೆ.

ಅವನು ಚೌರಂಗವನ್ನು, ಕವಡೆಗಳನ್ನು, ನಮ್ಮೆಲ್ಲರ ಮುಖಗಳನ್ನು ನೋಡಿದ. "ನೀವೆಲ್ಲಾ ಆನಿ ಹುಡುಕಾಕತ್ತೀರಲ್ಲ?"

"ಹೌದು."

"ನಾ ಆನಿ ಆಗ್ತೀನಿ."

ಅಷ್ಟು ತಿಂಗಳು ಆಡಿದ್ದರೂ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಬಕ್ಕಪ್ಪ, ಹಾಗೆ ಆಗುವಂತಿಲ್ಲ, ಆನೆ ಮಾತಾಡುವುದಿಲ್ಲ ಎಂದರು. ಅತ್ತೆ ಅವರನ್ನು ಸುಮ್ಮನಿರಿಸಿ, "ಆಗಲಿ. ಯಾಕ ಓಡಿ ಹೋದಿ ಆನೀ?" ಎಂದು ಕೇಳಿದರು.

ಕಾಶಿರಾಮ ಸೊಂಡಿಲಿನ ಹಾಗೆ ಕೈ ಆಡಿಸಿ, ದೊಡ್ಡ ದನಿಯಲ್ಲಿ ಹೇಳಿದ, "ಓಡಿ ಹೋಗಿಲ್ಲ. ತಿರಗ್ಯಾಡಿ ಬರೋಣಂತ ಹೋಗಿದ್ದೆ. ಈ ರಾಜಾ ಒಂದು ದಿನಾನಾದ್ರೂ ನನ್ನ ಊರ ಹೊರಗ ಕರಕೊಂಡು ಹೋಗ್ಯಾನೇನು? ಬರೇ ಮೆರವಣಿಗಿ. ನನಗ ಬಾಳಿಗಿಡ ಬೇಕು, ಕೆರಿ ಬೇಕು. ಕೊಡ್ತಾನಂದ್ರ ಬರ್ತೀನಿ."

ಬಕ್ಕಪ್ಪ ರಾಜನಾಗಿ ಚೌಕಾಸಿ ಶುರು ಮಾಡಿದರು. ವಾರಕ್ಕೊಮ್ಮೆ ಕೆರೆ ಎಂದರು. ಆನೆ ದಿನವೂ ಎಂದಿತು. ವೈದ್ಯೆಯಾಗಿ ನಾನು ಆನೆಯ ಕಡೆ ಸೇರಿದೆ, ಕಳ್ಳಿಯೂ ಸೇರಿದಳು. ಶೇವಂತಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಏಕನಾಥ ದನಿ ಎತ್ತಿ ನಕ್ಕದ್ದನ್ನು ನಾವು ಬಹಳ ದಿನದ ಮೇಲೆ ಕೇಳಿದ್ದು ಅಂದು. ಅಪಘಾತಕ್ಕೆ ಮೊದಲು ಅವನು ಹೀಗೆಯೇ ನಗುತ್ತಿದ್ದ, ಅದು ನನಗೆ ಮರೆತೇ ಹೋಗಿತ್ತು.

ಆಮೇಲೆ ಎಲ್ಲ ಒಮ್ಮೆಲೇ ಸರಿಹೋಯಿತು ಅನ್ನಲಾರೆ. ಕಾಶಿರಾಮನ ಊರಿನ ಗೌಡರ ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು. ಕಾಶಿರಾಮನೇ ಮಾತಾಡಿ ಬಿತ್ತನೆಯ ದಿನಗಳಲ್ಲಿ ಅದನ್ನು ಏಕನಾಥನ ಕೈಗೆ ಕೊಡಿಸಿದ. ಹೊಲದಲ್ಲಿ ನಿಧಾನವಾಗಿ ಹೋಗುವ ಗಾಡಿ, ಎದುರಿಗೆ ಯಾರೂ ಬರುವುದಿಲ್ಲ. ಬದುವಿನ ಮೇಲೆ ಕಾಶಿರಾಮ ಕೋಲೂರಿ ಕುಳಿತಿರುತ್ತಿದ್ದ. ಮೊದಲ ದಿನ ಅರ್ಧಕ್ಕೇ ನಿಲ್ಲಿಸಿದನಂತೆ. ಇಳಿದು ನೀರು ಕುಡಿದು ಮತ್ತೆ ಹತ್ತಿದನಂತೆ. ಬೇಸಿಗೆ ಬರುವ ಹೊತ್ತಿಗೆ ರಸ್ತೆಗೆ ಬಂದ. ಅದರ ಮುಂದಿನ ವರ್ಷ ಹುಮನಾಬಾದ್-ಬಸವಕಲ್ಯಾಣದ ನಡುವೆ ಓಡುವ ಒಂದು ಟೆಂಪೋಗೆ ಡ್ರೈವರ್ ಆದ. ಲಾರಿಗೆ ಮತ್ತೆ ಹೋಗಲಿಲ್ಲ. ಅವನಿಗೂ ಬೇಕಿರಲಿಲ್ಲ, ದ್ರೌಪತಿಗೂ ಬೇಕಿರಲಿಲ್ಲ.

ಟೆಂಪೋ ಕೈಗೆ ಬಂದ ಮೇಲೆ ಒಂದು ದಿನ ಧಣಿಯನ್ನು ಕೇಳಿಕೊಂಡು ನಮ್ಮೆಲ್ಲರನ್ನೂ ಕಲ್ಯಾಣದ ಹತ್ತಿರದ ನಾರಾಯಣಪುರಕ್ಕೆ ಕರೆದುಕೊಂಡು ಹೋದ. ಅಲ್ಲಿಯ ಹಳೆಯ ಶಿವನ ಗುಡಿ ನೋಡಬೇಕೆಂದು ಅತ್ತೆಗೆ ಬಹಳ ದಿನದ ಆಸೆ. ಹುಡಗಿಯಿಂದ ಕಾಶಿರಾಮ ದಂಪತಿ ಬಂದರು. ಬಕ್ಕಪ್ಪ ಅಂಗಡಿಗೆ ಬೀಗ ಹಾಕಿ ಬಂದರು. ಅತ್ತೆಯನ್ನು ಮುಂದಿನ ಸೀಟಿನಲ್ಲಿ, ಡ್ರೈವರನ ಪಕ್ಕ ಕೂಡಿಸಿದೆವು. ದಾರಿಯುದ್ದಕ್ಕೂ ಅವರು, "ಎತ್ತಿನ ಗಾಡಿ ಬಂತು, ಸಾವಕಾಶ. ಕುರಿ ಬಂದ್ವು, ಸಾವಕಾಶ," ಎನ್ನುತ್ತಲೇ ಇದ್ದರು. ಅವನು "ಹೌದ್ರಿ ಆಯಿ" ಎಂದು ಸಾವಕಾಶವೇ ಹೋಗುತ್ತಿದ್ದ.

ಗುಡಿಯ ಮುಂದೆ ಇಳಿಸಿದ ಮೇಲೆ ದ್ರೌಪತಿ ಅತ್ತೆಯ ಕಾಲಿಗೆ ಬಿದ್ದಳು. "ನಿಮ್ಮಿಂದ ನನ್ನ ಮನಿ ಉಳೀತ್ರಿ ಆಯಿ. ಈ ಉಪಕಾರ ಹ್ಯಾಂಗ ತೀರಸಲಿ?" ಎಂದಳು. ಏಕನಾಥನೂ ಬಗ್ಗಿದ. ಅವರ ಎರಡೂ ಪಾದಗಳನ್ನು ಹಿಡಿದುಕೊಂಡು ಒಂದಷ್ಟು ಹೊತ್ತು ಹಾಗೆಯೇ ಇದ್ದ.

ಅತ್ತೆಗೆ ಇಂಥದ್ದೆಲ್ಲ ಮುಜುಗರ. "ಏಳ್ರಿ, ಏಳ್ರಿ. ದೇವರ ಮುಂದ ಬಂದು ನನ್ನ ಕಾಲಿಗಿ ಬೀಳಾಕತ್ತೀರಿ. ನಾ ಏನು ಮಾಡೀನಿ? ಆಡಾಕ ಮಂದಿ ಬೇಕಾಗಿದ್ರು ನನಗ. ಇಷ್ಟು ವಯಸ್ಸಾದ ಮ್ಯಾಲ ನನ್ನ ಕಥಿ ಕೂತು ಕೇಳವ್ರು ಯಾರಿದ್ರು? ನೀವು ಬಂದ್ರಿ. ನಾನೇ ನಿಮಗ ಕೈ ಮುಗೀಬೇಕು," ಎಂದರು.

ನಮ್ಮವರು ಬುತ್ತಿಯ ಗಂಟು ಇಳಿಸಿಕೊಂಡರು. ಕಾಶಿರಾಮ ಗುಡಿಯ ಮೆಟ್ಟಿಲ ಮುಂದೆ ನಿಂತು, ಹತ್ತುವುದು ಹೇಗೆಂದು ನೋಡುತ್ತಿದ್ದ. ಏಕನಾಥ ಹೋಗಿ ಅವನಿಗೆ ಹೆಗಲು ಕೊಟ್ಟ. ನಾನು ಅತ್ತೆಯ ಕೈ ಹಿಡಿದುಕೊಂಡೆ. ಒಂದೊಂದೇ ಮೆಟ್ಟಿಲು ಹತ್ತಿ ಎಲ್ಲರೂ ಒಳಗೆ ಹೋದೆವು.